ನಿಂತಲ್ಲಿ ಓಡುವ ಎಂಜಿನ್

ಐಡ್ಲಿಂಗ್ ಎಂಬ ಮಾತಿಗೆ 'ನಿಷ್ಕ್ರಿಯ ವೇಗ' ಎಂದು ಬರೆದುಬಿಡಲು ನಮ್ಮಂಥ ಕನ್ನಡ ಮೇಷ್ಟರುಗಳ ಕೈ ತುರಿಸುತ್ತದೆ. ನನಗದು ಸಮ್ಮತವಲ್ಲ. ಬಂಡಿ ನಿಂತಿದ್ದರೂ ಎಂಜಿನ್ ನಿಷ್ಕ್ರಿಯವಾಗಿರುವುದಿಲ್ಲ. ಎಣ್ಣೆಯನ್ನು ಮೇಲೆತ್ತುವುದು, ಬ್ಯಾಟರಿಗೆ ವಿದ್ಯುತ್ತನ್ನು ಉಣಿಸುವುದು, ಹಳೆಯ ಡೀಸೆಲ್ ಪಿಕಪ್ಪುಗಳಲ್ಲಿ ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪನ್ನು ತಿರುಗಿಸುವುದು, ಎಲ್ಲವೂ ಅದರದೇ ಕೆಲಸ. ಇಳಿಜಾರಿನಲ್ಲಿ ಅದು ನಿಂತುಹೋದರೆ, ಉಳಿದ ನಿರ್ವಾತವು ಒಂದೆರಡು ಸಲ ಪೆಡಲು ಒತ್ತುವುದಕ್ಕೆ ಮಾತ್ರ ಸಾಲುತ್ತದೆ. ಅನಂತರ ಪೆಡಲು ಕಲ್ಲಾಗುತ್ತದೆ.

ಕೋಲಾರದ ಕಡೆಯಿಂದ ರಸೆಲ್ ಮಾರುಕಟ್ಟೆಗೆ ಟೊಮೇಟೊ ತರುವ ನನ್ನ ತಮ್ಮನಿಗೆ ಆದದ್ದು ಇದೇ. 2003ರಲ್ಲಿ ತೆರೆದ ಕೃಷ್ಣರಾಜಪುರದ ತೂಗುಸೇತುವೆಯನ್ನು ಇಳಿಯುವಾಗ ಎಂಜಿನ್ ಆರಿತು. ಹ್ಯಾಂಡ್‌ಬ್ರೇಕು ಹಿಡಿದದ್ದರಿಂದ ಉಳಿದ.

ಅದಕ್ಕೆ ಮೊದಲು ಒಂದು ತಿಂಗಳಿಂದಲೂ ನಿಂತಲ್ಲಿ ಎಂಜಿನ್ನಿನ ದನಿ ಉಬ್ಬಸದವನ ಉಸಿರಿನಂತೆ ಏರುತ್ತ ಇಳಿಯುತ್ತ ಇತ್ತು. ಒಬ್ಬ ಮೆಕ್ಯಾನಿಕ್ಕು ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸಿದ್ದ. ಇದು ಜ್ವರಪೀಡಿತನನ್ನು ಓಡಿಸಿ ಬೆವರಿಳಿಸುವ ಚಿಕಿತ್ಸೆ. ಇನ್ನೊಬ್ಬನು ಇಂಜೆಕ್ಷನ್ ಪಂಪನ್ನೇ ಬಿಚ್ಚಬೇಕೆಂದ. ಇಂಥ ಪಂಪುಗಳು ನಮ್ಮ ಆಡುಗೋಡಿಯ ಮೈಕೋದಲ್ಲಿಯೇ ತಯಾರಾಗುತ್ತಿದ್ದುವು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಅದು ಸೂಕ್ಷ್ಮಯಂತ್ರ, ಕಾರಣವಿಲ್ಲದೆ ಬಿಚ್ಚುವ ವಸ್ತುವಲ್ಲ.

ಹಲಸೂರಿನ ವೃದ್ಧ ಮೆಕ್ಯಾನಿಕ್ಕೊಬ್ಬರು ಮೊದಲು ಕೇಳಿದ ಪ್ರಶ್ನೆ: 'ಬೆಳಿಗ್ಗೆ ಹೊರಡಿಸಲು ಕಷ್ಟವೆ?' ಹೌದೆಂದಾಗ, 'ಗಾಡಿ ಗಾಳಿ ಎಳೀತಾ ಇದೆ' ಎಂದರು. ಡೀಸೆಲ್ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಕೊಳವೆಯಲ್ಲಿ ಇಂಧನವನ್ನು ತಳ್ಳುವುದಿಲ್ಲ, ಹೀರಲಾಗುತ್ತದೆ. ಅಲ್ಲಿ ಬಿರುಕಿದ್ದರೆ, ಎಂಜಿನ್ ಓಡುವಾಗ ಡೀಸೆಲು ಹೊರಗೆ ತೊಟ್ಟಿಕ್ಕದು, ಗಾಳಿ ಒಳಗೆ ನುಗ್ಗುತ್ತದೆ. ನೆಲದ ಮೇಲೆ ಕಲೆಯೇ ಇಲ್ಲದ ಸೋರಿಕೆ! ಗಾಳಿಗುಳ್ಳೆ ಬಂದಾಗ ವೇಗ ಕುಸಿಯುತ್ತದೆ, ಗವರ್ನರು ಹೆಚ್ಚು ಇಂಧನ ಕೊಡುತ್ತದೆ, ವೇಗ ಮೀರಿದೊಡನೆ ಕಡಿಮೆ ಮಾಡುತ್ತದೆ. ಆ ಏರಿಳಿತದ ಮೂಲ ಇದೇ. ಅವರು ಫೀಡ್ ಪಂಪಿಗೆ ಮುನ್ನ ಒಂದು ಗೇಣು ಪಾರದರ್ಶಕ ಕೊಳವೆ ಜೋಡಿಸಿದರು. ಗುಳ್ಳೆಗಳು ಸಾಲುಗಟ್ಟಿ ಬಂದುವು. ದೋಷವಿದ್ದದ್ದು ಬೋಲ್ಟಿನ ಎರಡೂ ಬದಿಯ ಸವೆದ ತಾಮ್ರದ ವಾಷರುಗಳಲ್ಲಿ. ಅವನ್ನು ಬದಲಿಸಿ, ಕೈಪಂಪಿನಿಂದ ಗಾಳಿ ಕಳೆದ ಮೇಲೆಯೇ ಅವರು ಸ್ಕ್ರೂವನ್ನು ಮುಟ್ಟಿದ್ದು, ಅದನ್ನು ಹಿಂದಿನ ಸ್ಥಾನಕ್ಕೆ ತರಲೆಂದು.

ಎಲ್ಲ ಬಂಡಿಗಳಲ್ಲಿಯೂ ಗಾಳಿಯೇ ಕಾರಣವಲ್ಲ. ಫಿಲ್ಟರಿನಲ್ಲಿ ನೀರು, ಕೊಳೆ ಇರಬಹುದು. ವೇಗ ಇಳಿಯದೆ ಮೇಲೆಯೇ ನಿಂತರೆ ಆಕ್ಸಿಲರೇಟರ್ ಕೇಬಲು ಬಿಗಿದಿದೆಯೇ ನೋಡಬೇಕು. ಒಂದೇ ಸಿಲಿಂಡರು ಸೋತಿದ್ದರೆ ಇಂಜೆಕ್ಟರಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ದನಿ ಬದಲಾಗದೋ ಅದೇ ಸೋತದ್ದು. ಇದು ಹಳೆಯ ಪಂಪಿನ ಬಂಡಿಗಳಿಗೆ ಮಾತ್ರ, ಅದೂ ಬಲ್ಲವರ ಕೈಯಲ್ಲಿ. ಆ ಒತ್ತಡದ ಡೀಸೆಲು ಚರ್ಮವನ್ನು ಸೀಳಿ ಒಳಹೊಗುತ್ತದೆ. ಈಚಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡವು ಇನ್ನೂ ಎಷ್ಟೋ ಪಾಲು ಹೆಚ್ಚು, ಅಲ್ಲಿ ಆ ನಟ್ಟನ್ನು ಮುಟ್ಟಲೇಬಾರದು.