ಲಜ್ಜೆ ಯಾರ ಪಾಲಿನದು?

‘ಘಟಶ್ರಾದ್ಧ’ ಚಲಚ್ಚಿತ್ರವನ್ನು ನೋಡಿದವರು ಕೆಲವರು ಕೇಳುವುದುಂಟು: “ಇಷ್ಟು ಸಂಕಟವನ್ನು ತೆರೆಯ ಮೇಲೆ ತೋರಿಸಬೇಕೆ? ಇದರಿಂದ ನೀತಿಯೇನು?” ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರ ಚಿತ್ರದಲ್ಲಿಯೇ ಇದೆಯೆಂದು ನನ್ನ ಭಾವನೆ.

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಿತ್ರವಾಗಿಸಿದರು. ಆ ಸಾಲಿನ ರಾಷ್ಟ್ರೀಯ ಸ್ವರ್ಣಕಮಲ ಅದಕ್ಕೆ ಸಂದಿತು. 2024ರಲ್ಲಿ ಪುನರುದ್ಧಾರಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನೆ ವಿಧವೆ. ಶಾಲೆಯ ಮಾಸ್ತರನೊಬ್ಬನಿಂದ ಅವಳು ಗರ್ಭಿಣಿಯಾಗುತ್ತಾಳೆ. ಸಾಯಲು ಹವಣಿಸುತ್ತಾಳೆ, ರಾತ್ರಿಯ ಕತ್ತಲಲ್ಲಿ ಗರ್ಭಪಾತದ ಯಾತನೆಯನ್ನು ಅನುಭವಿಸುತ್ತಾಳೆ. ಕಡೆಗೆ ಹೆತ್ತ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಮಾಸ್ತರನ ಹೆಸರಿನಲ್ಲಿ ಮಾತ್ರ ಯಾವ ಘಟವೂ ಒಡೆಯುವುದಿಲ್ಲ. ಮುದಿ ಉಡುಪರಿಗೋ ಎಳೆಯ ಹುಡುಗಿಯೊಡನೆ ಮರುಮದುವೆಯ ಮಾತು ನಡೆಯುತ್ತದೆ.

ಇದನ್ನೆಲ್ಲ ನಾವು ಕಾಣುವುದು ಪಾಠಶಾಲೆಗೆ ಹೊಸದಾಗಿ ಬಂದ ನಾಣಿಯೆಂಬ ಬಾಲಕನ ಕಣ್ಣಿನಿಂದ. ಮನೆಯ ನೆನಪಿನಿಂದ ಕೊರಗುವ ಅವನಿಗೆ ಯಮುನಕ್ಕನೇ ಆಸರೆ. ‘ಪತಿತೆ’ ಎಂಬ ಶಬ್ದದ ಅರ್ಥ ಅವನಿಗೆ ತಿಳಿಯದು. ಆದುದರಿಂದಲೇ ಅವನಿಗೆ ಆಕೆಯ ನೋವು ಕಾಣುತ್ತದೆ. ಅರ್ಥ ಬಲ್ಲ ಹಿರಿಯರಿಗೆ ಶಬ್ದ ಮಾತ್ರ ಕಾಣುತ್ತದೆ.

ಇಲ್ಲಿ ಶಾಸ್ತ್ರದ ಮಾತನ್ನೂ ವಿಚಾರಿಸಬೇಕು. ಪತಿತನಾದವನಿಗೆ ಬಂಧುಗಳು ಉದಕಕ್ರಿಯೆ ಮಾಡಿ, ತುಂಬಿದ ಘಟವನ್ನು ಉರುಳಿಸಬೇಕೆಂದು ಮನುಸ್ಮೃತಿಯ 11ನೆಯ ಅಧ್ಯಾಯ ವಿಧಿಸುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಪ್ರಾಯಶ್ಚಿತ್ತವಾದ ಮೇಲೆ ಬಂಧುಗಳು ಅವನೊಡನೆ ಮಿಂದು ಹೊಸ ಘಟವನ್ನು ನೀರಿಗೆ ಬಿಡಬೇಕು. ಪತಿತಳು ಹೆಂಗಸಾದರೆ ಅನ್ನ, ಪಾನ, ವಸ್ತ್ರಗಳನ್ನು ಕೊಟ್ಟು ಮನೆಯ ಸಮೀಪದಲ್ಲಿಯೇ ಇರಿಸಬೇಕೆಂದೂ ಹೇಳುತ್ತದೆ. ಆ ವಿಧಿಯೂ ಕಠಿನವೇ; ಅದನ್ನು ನಾನು ಸಮರ್ಥಿಸಲಾರೆ. ಆದರೂ ಅದರಲ್ಲಿ ಇದ್ದಷ್ಟು ಕನಿಕರವೂ ಈ ಅಗ್ರಹಾರದಲ್ಲಿಲ್ಲ. ಹೊರಹಾಕುವ ಶ್ಲೋಕವನ್ನು ನೆನಪಿಟ್ಟವರು ಅನ್ನವಿಕ್ಕುವ ಶ್ಲೋಕವನ್ನು ಮರೆತರು. ಅವರು ಕಾಯುತ್ತಿದ್ದುದು ಧರ್ಮವನ್ನಲ್ಲ, ತಮ್ಮ ಮಾನವನ್ನು.

ತಲೆ ಬೋಳಿಸಲ್ಪಟ್ಟ ಯಮುನೆ ಮರದಡಿಯಲ್ಲಿ ಒಬ್ಬಳೇ ಕುಳಿತಿದ್ದಾಳೆ. ತಂದೆಯೊಡನೆ ಊರಿಗೆ ಹೊರಟ ನಾಣಿ ಅವಳನ್ನು ನೋಡುತ್ತಾನೆ. ನಿರ್ದೇಶಕರು ಸಮಾಧಾನದ ಮಾತೊಂದನ್ನೂ ಸೇರಿಸಲಿಲ್ಲ. ಸೇರಿಸಿದ್ದರೆ ನಾವು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದೆವು.

ಅನ್ಯಾಯಕ್ಕೊಳಗಾದವರು ಇಂದಿಗೂ ಬಾಯಿ ತೆರೆಯಲು ಅಂಜುವುದು, ನಾಚಿಕೆ ತಮ್ಮ ತಲೆಗೇ ಬಂದೀತೆಂದು. ಈ ಚಿತ್ರವನ್ನು ತಾವು ಮನೆಯ ಬೆಳೆದ ಮಕ್ಕಳೊಡನೆ ನೋಡಬಹುದು. “ಆಕೆ ಮಾಡಿದ ತಪ್ಪೇನು?” ಎಂದು ಅವರು ಕೇಳಿದರೆ ಗದರಿಸಿ ಸುಮ್ಮನಾಗಿಸಬೇಡಿ. “ಮಾಸ್ತರನನ್ನು ಯಾರೂ ಏಕೆ ಕೇಳಲಿಲ್ಲ?” ಎಂದು ಅವರನ್ನೇ ಕೇಳಿ, ಅವರು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ.