ಪತ್ತು ಕೇಳದ ಸಾಲ



ರಾಜ್ಯೋತ್ಸವದ ವೇದಿಕೆಯ ಮೇಲೆ ಸಾಲದ ಮಾತನ್ನು ಎತ್ತುವುದು ಉಚಿತವೋ ಅಲ್ಲವೋ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಊರು ಬಿಟ್ಟು ಪರಸ್ಥಳಕ್ಕೆ ಬಂದು ಸಂಸಾರ ಹೂಡಿದ ನಮ್ಮಂಥವರಿಗೆ ಸಾಲವೆಂಬುದು ಅಪರಿಚಿತ ವಸ್ತುವಲ್ಲ. ಬಾಡಿಗೆ ಮನೆಗೆ ಮುಂಗಡ, ಮಕ್ಕಳ ಫೀಸು, ಊರಿನಲ್ಲಿ ತಂಗಿಯ ಮದುವೆ, ಅಪ್ಪನ ಔಷಧ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ನಾವೆಲ್ಲ ಒಬ್ಬರ ಮುಂದೆ ಕೈಯೊಡ್ಡಿದವರೇ, ಇಲ್ಲವೆ ಒಬ್ಬರಿಗೆ ಕೈಯೆತ್ತಿ ಕೊಟ್ಟವರೇ. ಈಗ ನಮ್ಮ ಮನೆಗಳ ತರುಣರು ಊಟದ ಹೊತ್ತಿನಲ್ಲಿ ಹೊಸತೊಂದು ಸಾಲದ ಮಾತಾಡುತ್ತಿದ್ದಾರೆ. ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಜಾಮೀನುದಾರನಿಲ್ಲ. ಕ್ರಿಪ್ಟೋ ನಾಣ್ಯವನ್ನು ಕೊಟ್ಟು ಬಡ್ಡಿ ಪಡೆಯಬಹುದು, ಒತ್ತೆಯಿಟ್ಟು ಸಾಲ ಪಡೆಯಬಹುದು ಎನ್ನುತ್ತಾರೆ. ಇದಕ್ಕೆ ವಿಕೇಂದ್ರಿತ ಹಣಕಾಸು ಎಂದು ಹೆಸರು; ಬಳಕೆಯಲ್ಲಿ ಚಿಕ್ಕದಾಗಿ ಡಿಫೈ. ಹಿರಿಯರು ಇದನ್ನು ಜೂಜೆಂದು ತಳ್ಳಿಬಿಡುತ್ತಾರೆ, ಕಿರಿಯರು ಇದೇ ಮುಂದಿನ ಯುಗವೆನ್ನುತ್ತಾರೆ. ಇಬ್ಬರೂ ಒಂದಿಷ್ಟು ನಿಂತು ನೋಡಲಿ ಎಂಬುದೇ ಈ ಭಾಷಣದ ಉದ್ದೇಶ.

ಮೊದಲು ನಮ್ಮ ಹಳೆಯ ಮಾತೊಂದನ್ನು ನೆನೆಯೋಣ. ಸಾಲದ ವ್ಯವಹಾರದಲ್ಲಿ 'ಪತ್ತು' ಎಂಬ ಪದವುಂಟು. ಇಂದಿಗೂ ನಮ್ಮ ಹಳ್ಳಿಗಳಲ್ಲಿ 'ಪತ್ತಿನ ಸಹಕಾರ ಸಂಘ' ಎಂಬ ಫಲಕವನ್ನು ಕಾಣುತ್ತೇವೆ. ಈತ ಮಾತಿಗೆ ತಪ್ಪಲಾರನೆಂಬ ನಂಬಿಕೆ, ನಾಲ್ಕು ಜನರ ನಡುವೆ ಇರುವ ಹೆಸರು, ಇವೆರಡೂ ಸೇರಿದರೆ ಪತ್ತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಅದರ ನಿಜವಾದ ಬಂಡವಾಳ ಊರವರಿಗೆ ಊರವರ ಮೇಲಿದ್ದ ಈ ನಂಬಿಕೆಯೇ. ಮರುವರ್ಷ, ಅಂದರೆ 1906ರಲ್ಲಿ, ಕರಾವಳಿಯ ಕನ್ನಡ ಜಿಲ್ಲೆಗಳಿಂದ ಮುಂಬಯಿಗೆ ಬಂದು ನೆಲೆಸಿದ್ದ ಸಾರಸ್ವತರ ನಡುವೆ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ದೊಡ್ಡ ನಗರದಲ್ಲಿ ಹೆಸರು ಗೊತ್ತಿಲ್ಲದವನಿಗೆ ಯಾರೂ ಸಾಲ ಕೊಡರು. ಆದುದರಿಂದ ಹೆಸರು ಬಲ್ಲವರೇ ಒಟ್ಟುಗೂಡಿದರು. ವಲಸೆ ಬಂದವರ ಕಷ್ಟಕ್ಕೆ ವಲಸೆ ಬಂದವರು ಕಂಡುಕೊಂಡ ಪರಿಹಾರವದು.

ಈ ಹೊಸ ವ್ಯವಸ್ಥೆಯಾದರೋ ಇದಕ್ಕೆ ಪೂರ್ತಿ ಬೇರೆ ದಾರಿ ಹಿಡಿದಿದೆ. 'ನೀನು ಯಾರು, ಯಾವ ಊರವನು, ಎಷ್ಟು ಸಂಬಳ' ಎಂದು ಅದು ಕೇಳುವುದೇ ಇಲ್ಲ. ಪತ್ತಿನ ಮಾತನ್ನೇ ಅದು ಲೆಕ್ಕದಿಂದ ತೆಗೆದುಹಾಕಿದೆ.

ಇದರ ಬುನಾದಿ ಹೀಗಿದೆ. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಒಂದು ಲೆಕ್ಕದ ಪುಸ್ತಕ. ಅದರ ಪ್ರತಿಗಳು ಲೋಕದಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತವೆ, ಒಬ್ಬನೇ ಅದನ್ನು ತಿದ್ದಲಾರ. 2015ರಲ್ಲಿ ಬಂದ ಇಥೀರಿಯಮ್ ಈ ಪುಸ್ತಕದೊಳಗೆ ಕರಾರುಗಳನ್ನೂ ಬರೆದಿಡುವ ಅನುಕೂಲ ಮಾಡಿಕೊಟ್ಟಿತು. ಈ ಕರಾರು ಕಾಗದದ್ದಲ್ಲ. ಅದು ತಾನಾಗಿ ನಡೆಯುವ ಕಂಪ್ಯೂಟರ್ ಲಿಪಿ. 'ಇಷ್ಟು ಇಟ್ಟರೆ ಅಷ್ಟು ಕೊಡು, ಬೆಲೆ ಇಷ್ಟಕ್ಕಿಳಿದರೆ ಮಾರಿಬಿಡು' ಎಂದು ಒಮ್ಮೆ ಬರೆದಿಟ್ಟರೆ ಹಗಲಿರುಳೆನ್ನದೆ ಹಾಗೆಯೇ ನಡೆಯುತ್ತದೆ. ಈ ಬಗೆಯ ಸಾಲದ ವ್ಯವಸ್ಥೆಗಳಲ್ಲಿ ಹೆಸರಾದವು ಮೂರು. 2017ರ ಡಿಸೆಂಬರಿನಲ್ಲಿ ಡಾಯ್ ಎಂಬ ನಾಣ್ಯವನ್ನು ಹೊರತಂದ ಮೇಕರ್. ಇದು 2024ರಲ್ಲಿ ಸ್ಕೈ ಎಂದು ಹೆಸರು ಬದಲಿಸಿತು. ಎರಡನೆಯದು 2018ರ ಕಾಂಪೌಂಡ್. ಮೂರನೆಯದು ಆವೆ. 2017ರಲ್ಲಿ ಸ್ಟಾನಿ ಕುಲೆಚೊವ್ ಎಂಬವರು ಬೇರೆ ಹೆಸರಿನಿಂದ ಆರಂಭಿಸಿದ ಆವೆ ಮೊದಮೊದಲು ಸಾಲ ಕೊಡುವವನನ್ನೂ ಪಡೆಯುವವನನ್ನೂ ಜೋಡಿ ಮಾಡಲು ನೋಡಿತು. ಆ ಕ್ರಮ ಸಾಗಲಿಲ್ಲ. 2020ರ ಆರಂಭದಲ್ಲಿ ಎಲ್ಲರ ಹಣವನ್ನೂ ಒಂದೇ ಕೊಳದಲ್ಲಿ ಕೂಡಿಸುವ ಕ್ರಮಕ್ಕೆ ಅದು ಬಂದಿತು.

ಈ ಕೊಳದ ಲೆಕ್ಕ ಸರಳವಾದುದು. ನಾಣ್ಯವುಳ್ಳವನು ಅದನ್ನು ಕೊಳಕ್ಕೆ ಹಾಕುತ್ತಾನೆ, ಬೇಕಾದವನು ಅಲ್ಲಿಂದ ಎತ್ತುತ್ತಾನೆ. ಎತ್ತಿದವನು ಕೊಡುವ ಬಡ್ಡಿಯೇ, ವ್ಯವಸ್ಥೆಯ ಪಾಲನ್ನು ಕಳೆದು, ಹಾಕಿದವನಿಗೆ ಬರುತ್ತದೆ. ಕೊಳದ ತುಂಬ ಹಣವಿದ್ದು ಕೇಳುವವರಿಲ್ಲದಿದ್ದರೆ ಬಡ್ಡಿ ತೀರ ಕಡಿಮೆ. ಬಹುಪಾಲು ಸಾಲಕ್ಕೆ ಹೋಗಿಬಿಟ್ಟರೆ ಬಡ್ಡಿ ದಿಢೀರನೆ ಏರುತ್ತದೆ. ಸಾಲಗಾರ ಬೇಗ ತೀರಿಸಲಿ, ಹೊಸಬರು ಹಣ ತಂದು ಹಾಕಲಿ ಎಂಬುದೇ ಈ ಏರಿಕೆಯ ಹೇತು. ಕೊಳ ಪೂರ್ತಿ ಬತ್ತಿದ್ದಾಗ ಹಾಕಿದವನು ತನ್ನ ಹಣ ಕೇಳಿದರೆ, ಯಾರಾದರೂ ಸಾಲ ತೀರಿಸುವವರೆಗೆ, ಇಲ್ಲವೆ ಇನ್ನೊಬ್ಬರು ತಂದು ಹಾಕುವವರೆಗೆ ಕಾಯಬೇಕು. ಇಂದಿನ ಬಡ್ಡಿ ನಾಳೆಗಿಲ್ಲ. ನಮ್ಮ ಮುದ್ದತ್ತಿನ ಠೇವಣಿಯ ಬಡ್ಡಿಯಂತೆ ಅದನ್ನು ನೆಚ್ಚಿ ಮಗಳ ಫೀಸಿನ ಲೆಕ್ಕ ಹಾಕುವ ಹಾಗಿಲ್ಲ.

ಇನ್ನು ಸಾಲಗಾರನ ಸ್ಥಿತಿ. ಹೆಸರು ಕೇಳದವನು ಯಾವುದನ್ನು ನಂಬಿ ಸಾಲ ಕೊಟ್ಟಾನು? ಒತ್ತೆಯನ್ನು ಮಾತ್ರ. ಅದೂ ಸಾಲಕ್ಕಿಂತ ಹೆಚ್ಚು ಬೆಲೆಯ ಒತ್ತೆ. ಒಂದು ಲಕ್ಷ ರೂಪಾಯಿ ಬೆಲೆಯ ಈಥರ್ ನಾಣ್ಯವನ್ನು ಒಬ್ಬನು ಒತ್ತೆಯಿಟ್ಟು, ಡಾಲರಿನ ಬೆಲೆಗೆ ಕಟ್ಟಿದ ನಾಣ್ಯವನ್ನು 70 ಸಾವಿರ ರೂಪಾಯಿಯಷ್ಟು ಸಾಲ ಪಡೆದನೆನ್ನೋಣ. ಸಾಲವು ಒತ್ತೆಯ ಬೆಲೆಯ ಶೇಕಡಾ 80ನ್ನು ಮೀರಕೂಡದೆಂಬುದು ಕರಾರು. ಈಥರಿನ ಬೆಲೆ ಇಳಿದು ಒತ್ತೆ 87,500 ರೂಪಾಯಿಗೆ ಬಂದರೆ ಗೆರೆ ಮುಟ್ಟಿತು. ಅಂದರೆ ಶೇಕಡಾ ಹನ್ನೆರಡೂವರೆಯ ಇಳಿತ ಸಾಕು. ಈ ಪೇಟೆಯಲ್ಲಿ ಅಷ್ಟು ಇಳಿಯಲು ಒಂದು ದಿನವೂ ಹೆಚ್ಚು. ಗೆರೆ ದಾಟಿದೊಡನೆ ಲೋಕದ ಯಾವ ಮೂಲೆಯಿಂದಲಾದರೂ ಒಬ್ಬನು ಬಂದು ಸಾಲದ ಅರ್ಧ, ಅಂದರೆ 35 ಸಾವಿರವನ್ನು ತಾನು ಕಟ್ಟಿ, ಶೇಕಡಾ 5ರಷ್ಟು ಬಹುಮಾನ ಸೇರಿಸಿಕೊಂಡು 36,750 ರೂಪಾಯಿಯ ಒತ್ತೆಯನ್ನು ಎತ್ತಿಕೊಂಡು ಹೋಗುತ್ತಾನೆ. ನೋಟೀಸು ಬರುವುದಿಲ್ಲ, ವಾಯಿದೆ ಸಿಗುವುದಿಲ್ಲ. ಅಂಕಿಗಳು ವ್ಯವಸ್ಥೆಯಿಂದ ವ್ಯವಸ್ಥೆಗೆ ಬದಲಾದರೂ ಕ್ರಮ ಇದೇ. ಊರಿನ ಸಾವ್ಕಾರ ಎಷ್ಟೇ ಬಿಗಿಯಾಗಿದ್ದರೂ ಅವನ ಮನೆಯ ಜಗುಲಿಯ ಮೇಲೆ ಕುಳಿತು 'ಸುಗ್ಗಿಯವರೆಗೆ ತಡೆಯಿರಿ' ಎಂದು ಬೇಡಬಹುದಿತ್ತು. ಇಲ್ಲಿ ಕುಳಿತುಕೊಳ್ಳಲು ಜಗುಲಿಯೇ ಇಲ್ಲ.

ಲಕ್ಷ ಇಟ್ಟು ಎಪ್ಪತ್ತು ಸಾವಿರ ತರುವ ಹುಚ್ಚು ಯಾರಿಗೆ ಎಂದು ತಾವು ಕೇಳಬಹುದು. ಬಳೆ ಮಾರಲು ಮನಸ್ಸಿಲ್ಲದೆ ಅಡವಿಡುವ ಗೃಹಿಣಿಗೆ ಇದು ಒಡನೆ ತಿಳಿಯುತ್ತದೆ: ನಾಣ್ಯದ ಬೆಲೆ ಏರೀತೆಂಬ ಆಸೆಯಿಂದ ಮಾರದೆ ಸಾಲ ಪಡೆಯುವವರುಂಟು. ಆದರೆ ತಂದ ಸಾಲದಿಂದ ಅದೇ ನಾಣ್ಯವನ್ನು ಮತ್ತಷ್ಟು ಕೊಂಡು, ಅದನ್ನೂ ಒತ್ತೆಯಿಟ್ಟು, ಮತ್ತೆ ಸಾಲ ಎತ್ತುವವರೂ ಅನೇಕರು. ಬೆಲೆ ಬಿದ್ದ ದಿನ ಮೊದಲು ಬೀಳುವವರು ಇವರೇ.

'ಇಲ್ಲಿ ಯಾರನ್ನೂ ನಂಬಬೇಕಾಗಿಲ್ಲ' ಎಂಬುದು ಈ ವ್ಯವಸ್ಥೆಯ ಅಭಿಮಾನಿಗಳ ಮಾತು. ಇದನ್ನೇ ನಾವು ಪರೀಕ್ಷಿಸಬೇಕು. ನಮಗೆ ತೋರುವಂತೆ, ನಂಬಿಕೆ ಎಲ್ಲಿಗೂ ಹೋಗಿಲ್ಲ. ಮನುಷ್ಯನ ಮೇಲಿದ್ದುದು ಬೆಲೆಯ ಮೇಲೆ, ಲಿಪಿಯ ಮೇಲೆ ಹೋಗಿ ಕುಳಿತಿದೆ. ನಿದರ್ಶನಗಳನ್ನು ಹೇಳುತ್ತೇವೆ.

2020ರ ಮಾರ್ಚ್ 12ರಂದು, ಮಹಾಮಾರಿಯ ಭೀತಿಯಲ್ಲಿ, ಈಥರಿನ ಬೆಲೆ ಒಂದೇ ದಿನದಲ್ಲಿ ಸುಮಾರು ಶೇಕಡಾ 40ರಷ್ಟು ಕುಸಿಯಿತು. ಜಾಲದಲ್ಲಿ ನೂಕುನುಗ್ಗಲಾಗಿ, ಮೇಕರಿನ ಹರಾಜುಗಳಲ್ಲಿ ಕೂಗುವವರೇ ಇಲ್ಲದಂತಾಯಿತು. ಸೊನ್ನೆ ಬೆಲೆಗೆ ಕೂಗಿದವರಿಗೇ ಒತ್ತೆ ಹೋಯಿತು. 80 ಲಕ್ಷ ಡಾಲರಿಗೂ ಮೇಲ್ಪಟ್ಟ ಸ್ವತ್ತು ಹೀಗೆ ಬಿಟ್ಟಿ ಕೈಸೇರಿತು. ಕರಾರು ತಪ್ಪಲಿಲ್ಲ, ಬರೆದಂತೆಯೇ ನಡೆಯಿತು. ಕಷ್ಟವಿದ್ದುದು ಅಲ್ಲಿಯೇ.

ಅದೇ ವರ್ಷ ನವೆಂಬರ್ 26ರಂದು ಇನ್ನೊಂದು ನಡೆಯಿತು. ಡಾಯ್ ನಾಣ್ಯ ಯಾವಾಗಲೂ ಒಂದು ಡಾಲರಿನ ಆಸುಪಾಸಿನಲ್ಲಿರತಕ್ಕದ್ದು. ಒಂದು ಪೇಟೆಯಲ್ಲಿ ಅದು ಸ್ವಲ್ಪ ಹೊತ್ತು 1.30 ಡಾಲರಿಗೆ ಏರಿತು. ಕಾಂಪೌಂಡಿನ ಲಿಪಿ ಬೆಲೆ ತಿಳಿಯಲು ಆ ಪೇಟೆಯನ್ನೇ ನೆಚ್ಚಿತ್ತು. ಡಾಯ್ ಸಾಲ ಮಾಡಿದ್ದವರ ಸಾಲ ಅಷ್ಟರಲ್ಲೇ ಹಿಗ್ಗಿದಂತೆ ಕಂಡು, ಅವರ 8 ಕೋಟಿ ಡಾಲರಿಗೂ ಮೇಲಿನ ಒತ್ತೆ ಮಾರಿಹೋಯಿತು. ಸಾಲಗಾರರು ಮಾಡಿದ ತಪ್ಪೇನೂ ಇರಲಿಲ್ಲ. ಬೆಲೆ ಕೂಗಿ ಹೇಳುವವನ ಬಾಯಿ ತಪ್ಪಿದರೆ ಒತ್ತೆಯಿಟ್ಟವನ ಮನೆ ಹೋಗುತ್ತದೆಂಬುದಕ್ಕೆ ಇದು ಸಾಕ್ಷಿ.

2023ರ ಮಾರ್ಚ್ 13ರಂದು ಆಯ್ಲರ್ ಎಂಬ ವ್ಯವಸ್ಥೆಯ ಲಿಪಿಯಲ್ಲಿದ್ದ ಒಂದು ಲೋಪವನ್ನು ಹಿಡಿದು ಒಬ್ಬನು 19 ಕೋಟಿ ಡಾಲರಿಗೂ ಹೆಚ್ಚು ಸ್ವತ್ತನ್ನು ಸಾಗಿಸಿದನು. ಪರಿಣತರು ಆ ಲಿಪಿಯನ್ನು ಹಲವು ಬಾರಿ ತಪಾಸಣೆ ಮಾಡಿದ್ದರು. ಕೆಲವೇ ವಾರಗಳಲ್ಲಿ ಅವನೇ ಬಹುಪಾಲನ್ನು ಮರಳಿಸಿದುದು ಹಣ ಹಾಕಿದ್ದವರ ಭಾಗ್ಯ. ಹಣ ಉಳಿದುದು ಕಡೆಗೂ ಒಬ್ಬ ಮನುಷ್ಯನ ಮನಸ್ಸು ಬದಲಾದುದರಿಂದ.

ಹೆಚ್ಚಿನ ಬಡ್ಡಿಯ ಮೋಹದ ಕಥೆಯೂ ಇದೆ. ಆಂಕರ್ ಎಂಬ ವ್ಯವಸ್ಥೆ ಟೆರಾದ ಡಾಲರ್ ನಾಣ್ಯದ ಮೇಲೆ ಶೇಕಡಾ 20ರ ಸಮೀಪದ ಬಡ್ಡಿ ಕೊಡುತ್ತಿತ್ತು. ಸಾಲಗಾರರಿಂದ ಬರುತ್ತಿದ್ದ ಬಡ್ಡಿಗೆ ಅಷ್ಟು ಕೊಡಲು ಸಾಲುತ್ತಿರಲಿಲ್ಲ. 2022ರ ಫೆಬ್ರವರಿಯಲ್ಲಿ ಹೊರಗಿನಿಂದ 45 ಕೋಟಿ ಡಾಲರ್ ತಂದು ಸುರಿದರು. ಮೇ ತಿಂಗಳಲ್ಲಿ ಆ ನಾಣ್ಯವೇ ಕುಸಿದು, ಬಡ್ಡಿಯ ಜೊತೆಗೆ ಅಸಲೂ ಹೋಯಿತು.

ಹೀಗೆಂದು ಈ ವ್ಯವಸ್ಥೆಯಲ್ಲಿ ಗುಣವೇ ಇಲ್ಲವೆಂದರೆ ಅನ್ಯಾಯವಾದೀತು. 2022ರ ಜೂನ್ 12ರಂದು ಸೆಲ್ಸಿಯಸ್ ಎಂಬ ಕಂಪನಿ ತನ್ನ ಗ್ರಾಹಕರು ಹಣ ತೆಗೆಯುವುದನ್ನು ನಿಲ್ಲಿಸಿಬಿಟ್ಟಿತು. ಇದು ಕಚೇರಿ, ಅಧಿಕಾರಿಗಳಿದ್ದ ಸಾಧಾರಣ ಕಂಪನಿ. ಕ್ರಿಪ್ಟೋ ಠೇವಣಿ ಪಡೆದು ಬಡ್ಡಿ ಕೊಡುತ್ತಿತ್ತು. ಜುಲೈ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕುವ ಮುನ್ನ ಅದು ಮೇಕರ್, ಆವೆ, ಕಾಂಪೌಂಡ್ ಮೂರಕ್ಕೂ ತನ್ನ ಸಾಲವನ್ನು ತೀರಿಸಿತು. ತೀರಿಸದೆ ಒತ್ತೆ ಬಿಡಿಸಿಕೊಳ್ಳುವ ದಾರಿಯೇ ಇರಲಿಲ್ಲ. ಕಂಪನಿಯ ಮಾತನ್ನು ನಂಬಿದವರು ಬಾಗಿಲಲ್ಲಿ ನಿಂತಿದ್ದಾಗ, ಮಾತನ್ನೇ ನಂಬದ ಲಿಪಿಗೆ ಮೊದಲು ಹಣ ಸಂದಿತು. ಇದಲ್ಲದೆ ಈ ವ್ಯವಸ್ಥೆಗಳ ಲೆಕ್ಕದ ಪುಸ್ತಕ ಬಯಲಿನಲ್ಲಿದೆ. ಎಷ್ಟು ಒತ್ತೆ, ಎಷ್ಟು ಸಾಲ ಎಂಬುದನ್ನು ಬಲ್ಲವರು ಯಾರು ಬೇಕಾದರೂ ನೋಡಬಹುದು. ನಮ್ಮ ಎಷ್ಟೋ ಚೀಟಿ ವ್ಯವಹಾರಗಳಲ್ಲಿ ಇಷ್ಟು ಬೆಳಕಿದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಇನ್ನು ನಮ್ಮ ಸಂಸಾರಗಳಿಗೆ ಸಂಬಂಧಿಸಿದ ನಾಲ್ಕು ಮಾತು. ಒಂದು, ನಮ್ಮ ದೇಶದ ಬ್ಯಾಂಕ್ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಈ ಕೊಳಗಳಲ್ಲಿಟ್ಟ ಹಣಕ್ಕೆ ಅಂಥ ರಕ್ಷೆಯಿಲ್ಲ. ಎರಡು, 2022ರ ಏಪ್ರಿಲ್ 1ರಿಂದ ಇಂಥ ನಾಣ್ಯಗಳನ್ನು ಪರಭಾರೆ ಮಾಡಿ ಬಂದ ಲಾಭದ ಮೇಲೆ ಶೇಕಡಾ 30ರ ತೆರಿಗೆಯುಂಟು. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಾರದು. ಅದೇ ವರ್ಷದ ಜುಲೈ 1ರಿಂದ ಪರಭಾರೆಯ ಮೊತ್ತದಲ್ಲೇ ಶೇಕಡಾ 1ನ್ನು ಮೂಲದಲ್ಲಿ ಮುರಿದುಕೊಳ್ಳುವ ನಿಯಮವೂ ಬಂದಿದೆ. ಮೂರು, ಬೀಗದ ಕೈಯಂತಿರುವ ಗುಪ್ತ ಪದಗಳು ಕಳೆದರೆ ಮತ್ತೊಂದು ಮಾಡಿಕೊಡುವವರಿಲ್ಲ. ಮನೆಯ ಯಜಮಾನ ಹೇಳದೆ ಕಣ್ಣು ಮುಚ್ಚಿದರೆ ಹೆಂಡತಿ ಮಕ್ಕಳ ಪಾಲಿಗೆ ಆ ಹಣ ಇಲ್ಲವೆಂದೇ ಲೆಕ್ಕ. ನಾಲ್ಕು, ಬಡ್ಡಿ ಎಷ್ಟೆಂದು ಕೇಳುವ ಮೊದಲು ಆ ಬಡ್ಡಿಯನ್ನು ಯಾರು, ಯಾವ ಗಳಿಕೆಯಿಂದ ಕೊಡುತ್ತಿದ್ದಾರೆಂದು ಕೇಳಬೇಕು. ಉತ್ತರ ಸಿಗದ ಕಡೆ ಮನೆಯ ಖರ್ಚಿನ ಹಣವನ್ನು ಇಡಲಾಗದು.

ತರುಣರಲ್ಲಿ ನಮ್ಮ ವಿನಂತಿ ಇಷ್ಟೆ. ತಿಳಿಯಿರಿ, ಕಲಿಯಿರಿ, ಈ ಲಿಪಿಗಳನ್ನು ಓದಬಲ್ಲ ಕನ್ನಡಿಗರು ನಮಗೆ ಬೇಕು. ಕಳೆದರೆ ಮನೆ ಅಲುಗದಷ್ಟು ಹಣದಲ್ಲಿ ಪ್ರಯೋಗ ಮಾಡಿದರೆ ಅದು ನಿಮ್ಮ ಇಚ್ಛೆ. ಆದರೆ ಅಪ್ಪನ ನಿವೃತ್ತಿಯ ಹಣ, ಅಮ್ಮನ ಒಡವೆ, ಊರಿನ ಹೊಲ ಮಾರಿದ ಹಣ, ಇವುಗಳನ್ನು ಅಲ್ಲಿಗೆ ಒಯ್ಯಬೇಡಿ.

ಹಿರಿಯರಲ್ಲಿಯೂ ಒಂದು ಮಾತು. ಯಾರೆಂದು ಕೇಳದ ಸಾಲದಲ್ಲಿ ಒಂದು ಸಮಾನತೆಯಿದೆ, ನಿಜ. ಜಾತಿ, ಊರು, ಭಾಷೆ ಯಾವುದೂ ಅಲ್ಲಿ ಅಡ್ಡ ಬಾರದು. ಆದರೆ ಉಳ್ಳವನಿಗೆ ಮಾತ್ರ ದೊರೆಯುವ ಸಾಲವದು. ನಿನ್ನೆ ರೈಲಿಳಿದ ಹುಡುಗನಿಗೆ, ತಳ್ಳುಗಾಡಿ ಇಡಬೇಕೆಂದಿರುವ ವಿಧವೆಗೆ, ಒತ್ತೆಯಿಡಲು ಏನೂ ಇಲ್ಲದವರಿಗೆ ಅಲ್ಲಿ ಒಂದು ಕಾಸೂ ಹುಟ್ಟದು. ಅವರಿಗೆ ಬೇಕಾದುದು ಪತ್ತು. 'ಈತನನ್ನು ನಾವು ಬಲ್ಲೆವು' ಎಂದು ಹೇಳುವ ಒಂದು ಬಾಯಿ. ಆ ಮಾತನ್ನು ಯಾವ ಲಿಪಿಯೂ ಈವರೆಗೆ ಬರೆದುಕೊಟ್ಟಿಲ್ಲ. ಕನ್ನಡ ಸಂಘಗಳು ಬಹು ಕಾಲದಿಂದ ಹೇಳಿಕೊಂಡು ಬಂದಿವೆ. ವರ್ಷಕ್ಕೊಮ್ಮೆ ಧ್ವಜವೇರಿಸಿ ಸಿಹಿ ಹಂಚುವುದರ ಜೊತೆಗೆ, ಹೊಸದಾಗಿ ಬಂದ ಒಬ್ಬ ಕನ್ನಡಿಗನ ಪರವಾಗಿ ನಿಲ್ಲುವ ಈ ಕೆಲಸವನ್ನೂ ಉಳಿಸಿಕೊಳ್ಳೋಣ.