ಜಡ್ಡಿಯ ಗೇರಿಗೊಂದು ವಂಶಾವಳಿ

ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನ ಒಂದು ಕಾಡಿಗೆ ಕತ್ತಲೆಕಾನು ಎಂದೇ ಹೆಸರು. ಅಲ್ಲಿ ಜಡ್ಡಿಗಳಿವೆ, ಅಂದರೆ ತೊರೆಯ ನೀರು ನಿಂತು ಜಿನುಗುವ ಜೌಗು ನೆಲ. ಮಂಡಿ ಮಡಚಿದ ಹಾಗೆ ಬೇರುಗಳು ಕೆಸರಿನಿಂದ ಮೇಲೆದ್ದಿರುತ್ತವೆ. ಒಳಗೆ ಉಸಿರು ಸಾಲದೆ ಗಾಳಿಗೆಂದು ಹೊರಬಂದವು. ಇಂಥ ಜಡ್ಡಿಯ ಒಂದು ಗೇರಿನ ಮರವನ್ನು ಹೊಸ ಪ್ರಭೇದವೆಂದು ವಿಜ್ಞಾನಿಗಳು ವಿವರಿಸಿದ್ದು 2000ದಲ್ಲಿ. ಕಾಡಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಬಸಿಗಾಲುವೆ ತೆಗೆದು ಜಡ್ಡಿಗಳನ್ನು ಗದ್ದೆ, ತೋಟ ಮಾಡಿಕೊಂಡ ಮೇಲೆ ಅದು ಕೆಲವೇ ಜಾಗಗಳಲ್ಲಿ ಉಳಿದಿದೆ.

ಇದರಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಬೀಜ ಒಣಗಿದರೆ ಸತ್ತಂತೆ, ಡಬ್ಬಿಯಲ್ಲಿಟ್ಟು ಕಾಯುವ ಹಾಗಿಲ್ಲ. ಸಸಿ ಮಾಡಿ ನೆಡಲೇಬೇಕು. ಆಗ ಯಾರಿಗಾದರೂ ಹೊಳೆಯುವುದು, ಚೆನ್ನಾಗಿ ಕಾಯಿ ಬಿಟ್ಟ ಒಂದು ಮರದಡಿ ಬೀಜ ಆರಿಸಿ ನೂರಾರು ಸಸಿ ಎಬ್ಬಿಸುವುದು. ಆದರೆ ಅವೆಲ್ಲ ಒಂದೇ ತಾಯಿಯ ಮಕ್ಕಳು! ಮುಂದೆ ಅವು ತಮ್ಮತಮ್ಮಲ್ಲೇ ಕೂಡಿದರೆ ಸಂತಾನ ಸೊರಗುತ್ತದೆ.

ಮರಗಳ ನೆಂಟಸ್ತನ ತಿಳಿಯಲು ಒಂದು ಎಳೆ ಎಲೆ ಸಾಕು. ಅದರ ಡಿಎನ್‌ಎಯಲ್ಲಿ ಕೆಲವು ಕಡೆ ಒಂದೇ ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ. ಒಂದು ಮರದಲ್ಲಿ 10 ಸಲ ಬಂದರೆ, ಇನ್ನೊಂದರಲ್ಲಿ 14 ಸಲ ಬಂದಿರಬಹುದು. ಪ್ರತಿ ಸಸಿಯಲ್ಲೂ ಇದರ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ತಾಯಿಯ ಪಾಲು ಕಳೆದರೆ ತಂದೆ ಯಾರೆಂಬ ಸುಳಿವು ಸಿಗುತ್ತದೆ. ಅವನು ಇದೇ ಜಡ್ಡಿಯವನೋ, ಗುಡ್ಡದಾಚೆಯವನೋ? ಆಚೆಯವನಾದರೆ ಪರಾಗ ಹೊತ್ತ ಕೀಟಗಳಿಗೆ ನಡುವಿನ ಕಾಡು ದಾರಿಯಾಗಿದೆ ಎಂದರ್ಥ. ಆ ಕಾಡನ್ನು ಕಡಿಯಗೊಡಬಾರದು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಕಾಡು ತುಂಡಾಗುವ ಮೊದಲೇ ಹುಟ್ಟಿದ ಹಿರಿಯ ಮರಗಳಲ್ಲಿ ತಳಿವೈವಿಧ್ಯ ಇನ್ನೂ ಉಳಿದಿರಬಹುದು; ಅವುಗಳ ಕೆಳಗಿನ ಮರಿಸಸಿಗಳಲ್ಲಿ ಅದು ಆಗಲೇ ಕರಗಿರಬಹುದು. ಹಸಿರು ನೋಡಿ ಹೋಗುವವರ ಕಣ್ಣಿಗೆ ಇದು ಬೀಳುವುದಿಲ್ಲ. ಎಲೆಯ ಪರೀಕ್ಷೆಯೇ ಹೇಳಬೇಕು.

ಶಿರಸಿಯ ಅರಣ್ಯ ಕಾಲೇಜಿನವರು ಈ ಮರದ ಸಸಿ ಬೆಳೆಸಿ ಜಡ್ಡಿಗಳಿಗೆ ಮರಳಿಸುವ ಕೆಲಸಕ್ಕೆ ಕೈಹಾಕಿದ್ದಾರೆ. ನಿಮ್ಮೂರ ಕಾನಿನಲ್ಲಿ ಕಾಡುಗಿಡ ನೆಡುವವರಿಗೂ ನನ್ನದೊಂದು ಬೇಡಿಕೆ. ಪ್ರಯೋಗಾಲಯ ದೂರವಿದ್ದರೂ ಇಷ್ಟು ಮಾಡಬಹುದು: ಬೀಜವನ್ನು ಆ ಸೀಮೆಯದೇ ಹತ್ತಾರು ತಾಯಿಮರಗಳಿಂದ ಆರಿಸಿ, ಯಾವ ಬೀಜ ಯಾವ ಮರದ್ದೆಂದು ಚೀಲದ ಮೇಲೆ ಬರೆದಿಡಿ.